ಕೊಚ್ಚಿಗೆ ಹೋಗುವ ಮಾತು

ಒಲೆಯ ಮೇಲಿನ ಹಾಲಿನ ಪಾತ್ರೆ ಇಳಿಸುವಾಗ ವೇದಾವತಿಯ ಎಡಗೈ ಹೆಬ್ಬೆರಳು ಅದುರಿತೋ, ಇಲ್ಲ ತನ್ನ ಕಣ್ಣಿಗೆ ಹಾಗೆ ಕಂಡಿತೋ, ಸುಂದರೇಶನಿಗೆ ತಿಳಿಯಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದವನು ಒಂದು ಹೆಜ್ಜೆ ಒಳಗಿಟ್ಟು, ಮತ್ತೆ ಹಿಂದೆ ಸರಿದ. ಅವಳು ಪಾತ್ರೆ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ‘ಎಂತ ಹಾಗೆ ನಿಂತಿದೀರಿ? ಹೊತ್ತಾಗಲಿಲ್ವಾ ಹೊರಡಲಿಕ್ಕೆ?’ ಎಂದಳು. ಅವಳ ಮುಖ ಎಂದಿನಂತೆಯೇ ಇತ್ತು, ಸ್ವಲ್ಪ ಹೆಚ್ಚೇ ಗೆಲುವಾಗಿತ್ತು. ಆ ಗೆಲುವನ್ನು ನೋಡಿದರೂ ಅವನಿಗೆ ಹೆದರಿಕೆ. ಡಾಕ್ಟರು ಹೇಳಿದ್ದರು: ತುಂಬ ಖುಷಿಯಾದರೂ ಬರಬಹುದು, ತುಂಬ ದುಃಖವಾದರೂ ಬರಬಹುದು, ಎರಡೂ ಇಲ್ಲದೆಯೂ ಬರಬಹುದು, ಮಾತ್ರೆ ಮಾತ್ರ ತಪ್ಪಿಸಬೇಡಿ. ಗೂಡಿನಲ್ಲಿ, ಕನ್ನಡಿಯ ಪಕ್ಕ, ಮಾತ್ರೆ ಹಾಕಿಡುವ ಹಳೆಯ ಕುಂಕುಮದ ಭರಣಿ ಇತ್ತು. ಅದು ಮೊನ್ನೆಯಿಂದ ಖಾಲಿ. ಶೀಶೆಯಲ್ಲಿಟ್ಟರೆ ಬಂದವರು ಹೆಸರು ಓದಿಯಾರೆಂದು ತಾನೇ ಅದನ್ನು ಹುಡುಕಿ ತೆಗೆದಿದ್ದ. ಮನೆಗೆ ಬಂದ ಹೆಂಗಸರು ಕುಂಕುಮ ಬೇಕೆಂದು ಅದಕ್ಕೇ ಕೈಹಾಕಿಯಾರು ಎಂದು ಆಮೇಲೆ ಹೊಳೆದು, ಬೇರೆ ಭರಣಿಯೊಂದನ್ನು ತಂದು ಅದರ ಮುಂದೆ ಇಟ್ಟಿದ್ದ.

ಹೋದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಶಿವಮೊಗ್ಗಕ್ಕೆ ಹೋಗಿ ಮಾತ್ರೆ ತರಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮುಕುಂದಯ್ಯ ಸಿಕ್ಕಿದರು. ಅವನು ಕಲಿಸುವ ಹೈಸ್ಕೂಲಿನಲ್ಲೇ ಚರಿತ್ರೆ ಹೇಳುವವರು, ಅವನಿಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು, ಊರಿನಲ್ಲಿ ಅವನಿಗಿದ್ದ ಒಬ್ಬರೇ ಸ್ನೇಹಿತರು. ‘ಓಹೋ, ನೀನೂ ಶಿವಮೊಗ್ಗಕ್ಕಾ? ಒಳ್ಳೇದಾಯ್ತು ಮಾರಾಯ, ಸಂಜೆವರೆಗೆ ಒಟ್ಟಿಗೆ ತಿರುಗೋಣ,’ ಎಂದು ಹೆಗಲ ಮೇಲೆ ಕೈಹಾಕಿದಾಗ ಸುಂದರೇಶನ ಬಾಯಿಂದ, ತಾನು ಹೊರಟವನಲ್ಲ, ಬಸ್ಸಿನಲ್ಲಿ ಬರಬೇಕಾದ ಪಾರ್ಸಲ್ಲು ಕೇಳಲು ಬಂದವನು ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಬಸ್ಸು ಹೋಯಿತು. ಮನೆಗೆ ಮರಳಲು ಮುಖವಿಲ್ಲದೆ ಹೊಳೆಯ ದಂಡೆಯ ಮೆಟ್ಟಿಲಲ್ಲಿ ಕೂತು ಸಂಜೆ ಮಾಡಿದ. ಬಟ್ಟೆ ಒಗೆಯುವ ಹೆಂಗಸರು ಬಂದರು, ಹೋದರು. ಶಾಲೆಯ ಮಕ್ಕಳಿಗೆ ಸುಳ್ಳು ಹೇಳಬೇಡಿರೆನ್ನುವ ಮೇಷ್ಟ್ರು ಹೊಟ್ಟೆಗಿಲ್ಲದೆ ಕಲ್ಲಿನ ಮೇಲೆ ಕೂತು, ಶಿವಮೊಗ್ಗದ ಬಸ್ಸು ಮರಳುವ ಹೊತ್ತಾದ ಮೇಲೆ ಎದ್ದು, ಪ್ರಯಾಣ ಮಾಡಿದವನ ಹಾಗೆ ಕೂದಲು ಕೆದರಿಕೊಂಡು ಮನೆಗೆ ಹೋದ. ‘ಅಂಗಡೀಲಿ ಸ್ಟಾಕ್ ಇಲ್ವಂತೆ. ಮುಂದಿನ ವಾರ ಬರುತ್ತಂತೆ,’ ಎಂದ. ‘ಬಂದರೆ ತಂದ್ರಾಯ್ತು ಬಿಡಿ. ನೀವು ಊಟ ಮಾಡಿದ್ರೋ ಇಲ್ವೋ?’ ಎಂದಿದ್ದಳು ಅವಳು. ಅಷ್ಟೇ.

ಕುರುವಳ್ಳಿಯ ಮನೆಗೆ ಬೀಗ ಹಾಕಿ ಇಬ್ಬರೂ ಹೊರಟರು. ಸೇತುವೆಯ ಮೇಲೆ ಅವನು ಎಂದಿನಂತೆ ಅವಳ ಹೊರಬದಿಗೆ, ಕಟಾಂಜನದ ಕಡೆಗೆ ಬಂದು ನಡೆದ. ನೋಡುವವರಿಗೆ ಪ್ರೀತಿಯಂತೆ ಕಂಡಿರಬೇಕು. ಕಾರ್ತಿಕದ ಬಿಸಿಲು ತಿಳಿಯಾಗಿತ್ತು, ಕೆಳಗೆ ತುಂಗೆ ಕಲ್ಲುಗಳ ನಡುವೆ ಸದ್ದು ಮಾಡುತ್ತಿದ್ದಳು. ವೇದಾವತಿ ಬಗ್ಗಿ ನೋಡಿದಾಗಲೆಲ್ಲ ಅವನ ಕೈ ತಾನಾಗಿಯೇ ಅವಳ ರಟ್ಟೆಯ ಹತ್ತಿರ ಹೋಗುತ್ತಿತ್ತು. ‘ಸಮುದ್ರದ ನೀರು ಉಪ್ಪು ಅಂತಾರಲ್ಲ, ಮೈಮೇಲೆ ಒಣಗಿದ್ರೆ ಹಿಟ್ಟಿನ ಹಾಗೆ ಉದುರುತ್ತಾ?’ ಎಂದು ಕೇಳಿದಳು. ಅವಳು ಹುಟ್ಟಿ ಬೆಳೆದದ್ದು ಹೊಸನಗರದ ಕಡೆ, ನಗರವೆಂಬ ಹಳೆಯ ಊರಿನಲ್ಲಿ, ಕೋಟೆಯ ಮಗ್ಗುಲಿನ ಬೀದಿಯಲ್ಲಿ. ಅಷ್ಟು ಹತ್ತಿರದ ದೇವಗಂಗೆಯ ಕೊಳಕ್ಕೂ ಅವಳಪ್ಪ ಅವಳನ್ನು ಕಳಿಸಿದವರಲ್ಲ. ಓರಗೆಯವರು ಮೆಟ್ಟಿಲಿಳಿದು ನೀರೆರಚಿಕೊಂಡು ಬಂದು ಒದ್ದೆ ಲಂಗದಲ್ಲಿ ಬೀದಿಯಲ್ಲಿ ಓಡುವಾಗ ಇವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳಂತೆ. ಬಾವಿಗೆ ಬಗ್ಗಬೇಡ, ಅಟ್ಟ ಹತ್ತಬೇಡ, ಒಲೆಯ ಹತ್ತಿರ ಒಬ್ಬಳೇ ಇರಬೇಡ. ಯಾಕೆ ಬೇಡ ಎಂಬುದನ್ನು ಮಾತ್ರ ಮದುವೆಗೆ ಮೊದಲು ಯಾರೂ ಸುಂದರೇಶನಿಗೆ ಹೇಳಲಿಲ್ಲ.

ಅದನ್ನು ಹೇಳಿದ್ದು ಅವಳ ಮೈ. ಮದುವೆಯಾದ ಹೊಸತು, ಅವಳ ತವರಿನಲ್ಲೇ, ತಟ್ಟೆಯ ಮುಂದೆ ಕೂತಿದ್ದಾಗ ಅವಳು ಒಮ್ಮೆಲೇ ಕೂಗಿ, ಬಿದ್ದು ಅದುರತೊಡಗಿದ್ದಳು. ಆ ಕೂಗು ಮನುಷ್ಯರದ್ದಲ್ಲ ಎಂದು ಆ ಕ್ಷಣ ಅವನಿಗೆ ಅನ್ನಿಸಿತು. ದೆವ್ವವಿಲ್ಲ, ಗಾಳಿ ಸೋಕುವುದಿಲ್ಲ, ಎಲ್ಲಕ್ಕೂ ಕಾರಣವಿದೆ ಎಂದು ಒಂಬತ್ತನೇ ತರಗತಿಗೆ ಪಾಠ ಹೇಳುವ ವಿಜ್ಞಾನದ ಮೇಷ್ಟ್ರು ಅನ್ನದ ಕೈಯಲ್ಲೇ ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟಿದ್ದ. ಅವಳ ಅಮ್ಮ ಅವನ ಕಡೆ ನೋಡದೆ, ಬಹಳ ಸಲ ಮಾಡಿ ರೂಢಿಯಿದ್ದ ಕೆಲಸದಂತೆ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮಾವ ಹಿತ್ತಿಲಿಗೆ ಕರೆದುಕೊಂಡು ಹೋಗಿ, ‘ಮದುವೆ ಆದರೆ ಹೋಗುತ್ತೆ ಅಂತ ಎಲ್ಲರೂ ಹೇಳಿದ್ರು,’ ಎಂದು ಕೈಮುಗಿದಿದ್ದರು. ಹಿರಿಯರು ಹಾಗೆ ಕೈಮುಗಿದದ್ದು ಅವನಿಗೆ ಅಸಹ್ಯವಾಯಿತು. ಕೋಪ ಮಾಡಲೂ ಆಗದೆ, ‘ಯಾರಿಗೂ ಗೊತ್ತಾಗೋದು ಬೇಡ’ ಎಂದಷ್ಟೇ ಹೇಳಿದ. ಮಾವ ಅದನ್ನು ಅಳಿಯನ ದೊಡ್ಡತನವೆಂದು ತಿಳಿದು ಕಣ್ಣೊರೆಸಿಕೊಂಡರು. ಆವತ್ತಿನಿಂದ ಅವನ ಬದುಕೆಲ್ಲ ಆ ಒಂದು ಮಾತನ್ನು ಕಾಯುವುದಾಗಿತ್ತು. ಅಣ್ಣನ ಮನೆಯಲ್ಲಿದ್ದ ತಾಯಿ ವಿಶಾಲಾಕ್ಷಮ್ಮ ಬರುತ್ತೇನೆಂದರೆ ಏನಾದರೂ ನೆಪ ಹೇಳುವನು. ಮದುವೆಮನೆಗಳಿಗೆ ಒಬ್ಬನೇ ಹೋಗಿ ಉಂಡು ಬರುವನು. ಮಕ್ಕಳ ವಿಷಯ ಬಂದರೆ ಮಗ್ಗುಲು ಬದಲಿಸಿ ಮಲಗುವನು. ಇಂಥವನನ್ನು ಹಿಡಿದು ಮುಕುಂದಯ್ಯ, ಕ್ರಿಸ್ಮಸ್ ರಜೆಯಲ್ಲಿ ಇಬ್ಬರು ಗಂಡಂದಿರೂ ಇಬ್ಬರು ಹೆಂಡಂದಿರೂ ಒಂದು ವಾರ ಕೊಚ್ಚಿಗೆ ಹೋಗಿಬರೋಣ ಎಂದಿದ್ದರು. ಸ್ಟಾಫ್ ರೂಮಿನಲ್ಲಿ ಬೇಡವೆನ್ನಲು ಒಂದು ಕಾರಣ ಹುಡುಕುತ್ತಿರುವಾಗಲೇ ಅತ್ತ ಅವರ ಹೆಂಡತಿ ಅನ್ನಪೂರ್ಣೇಶ್ವರಿ ವೇದಾವತಿಗೆ ಹೇಳಿ, ಅವಳು ಹೂಂ ಅಂದೂ ಆಗಿತ್ತು. ಇವತ್ತು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಕೂತು ಎಲ್ಲ ಗೊತ್ತುಮಾಡುವುದೆಂದು ನಿಶ್ಚಯ.

ಸೊಪ್ಪುಗುಡ್ಡೆಯಲ್ಲಿ ಮುಕುಂದಯ್ಯನವರ ಮನೆಯ ಬಾಗಿಲು ಬೀದಿಗೇ ತೆರೆದುಕೊಂಡಿತ್ತು. ಎದುರು ಮನೆಯ ರಂಗಮ್ಮ ಜಗಲಿಯ ಮೇಲೆ ಹಪ್ಪಳ ಹರವಿಕೊಂಡು ಕಾಗೆ ಕಾಯುತ್ತ ಕೂತಿದ್ದರು. ‘ಬನ್ನಿ ಬನ್ನಿ. ಕೊಚ್ಚಿಗೆ ಹೋಗೋರು ಇಷ್ಟು ನಿಧಾನ ಆದ್ರೆ ಹಡಗು ಕಾಯುತ್ತಾ?’ ಎಂದು ಅನ್ನಪೂರ್ಣೇಶ್ವರಿ ವೇದಾವತಿಯ ಕೈ ಹಿಡಿದು ಒಳಗೆ ಕರೆದರು. ನಲವತ್ತರ ಹತ್ತಿರದ, ಮಕ್ಕಳಿಲ್ಲದ, ದೊಡ್ಡ ದನಿಯ ಹೆಂಗಸು. ವೇದಾವತಿಯನ್ನು ತಂಗಿಯ ಹಾಗೆ ನೋಡುತ್ತಿದ್ದರು. ನಡುಮನೆಯ ಚಾಪೆಯ ಮೇಲೆ ಶಾಲೆಯಿಂದ ತಂದ ದೊಡ್ಡ ಭೂಪಟ ಬಿಚ್ಚಿಕೊಂಡು ಮುಕುಂದಯ್ಯ ಆಗಲೇ ಕೂತಿದ್ದರು. ಮೂಲೆಗಳು ಸುರುಟಿಕೊಳ್ಳದ ಹಾಗೆ ನಾಲ್ಕು ಕಡೆ ಲೋಟ ಇಟ್ಟಿದ್ದರು.

‘ಇಪ್ಪತ್ತು ವರ್ಷದಿಂದ ವಾಸ್ಕೋ ಡ ಗಾಮನನ್ನ ಕಲ್ಲಿಕೋಟೆಯಲ್ಲಿ ಇಳಿಸಿ ಕೊಚ್ಚಿಯಲ್ಲಿ ಹೂಳ್ತಾ ಇದೀನಿ,’ ಎಂದರು ಅವರು. ‘ಒಂದು ಸಲವಾದ್ರೂ ಆ ಜಾಗ ನೋಡ್ಲಿಲ್ಲ ಅಂದ್ರೆ ನಾಚಿಕೆ ಅಲ್ವೇನೋ? ಇಲ್ಲಿ ನೋಡು. ಬೆಳಿಗ್ಗೆ ಬಸ್ಸಿಗೆ ಆಗುಂಬೆ, ಘಾಟಿ ಇಳಿದು ಉಡುಪಿ, ಮಂಗಳೂರು. ಅಲ್ಲಿಂದ ರೈಲು. ಶೊರನೂರಲ್ಲಿ ಬದಲಾಯಿಸಬೇಕು.’ ಅವರ ಬೆರಳು ಕರಾವಳಿಯುದ್ದಕ್ಕೂ ಜಾರುತ್ತ ಹೋಯಿತು. ಆ ಬೆರಳಿನ ಹಿಂದೆಯೇ ಸುಂದರೇಶನ ಹೆದರಿಕೆಯೂ ಹೋಯಿತು. ಆಗುಂಬೆಯ ತಿರುವಿನಲ್ಲಿ, ಕಿಕ್ಕಿರಿದ ಸಣ್ಣ ಬಸ್ಸಿನಲ್ಲಿ ಬಂದರೆ? ರೈಲಿನ ಮೂರನೇ ದರ್ಜೆ ಡಬ್ಬಿಯ ಬಾಗಿಲ ಹತ್ತಿರ ನಿಂತಿದ್ದಾಗ ಬಂದರೆ? ಎರ್ನಾಕುಳದಿಂದ ಹಳೆಯ ಕೋಟೆಯ ಕಡೆಗೆ ದೋಣಿಯಲ್ಲೇ ದಾಟಬೇಕು, ದಿನಕ್ಕೆ ಎರಡು ಸಲವಾದರೂ ದಾಟಬೇಕಾಗುತ್ತದೆ ಎಂದು ಮುಕುಂದಯ್ಯ ಸಂಭ್ರಮದಿಂದ ಹೇಳುತ್ತಿದ್ದರು. ಚೀನೀ ಬಲೆಗಳಂತೆ, ಯಹೂದ್ಯರ ಗುಡಿಯಂತೆ, ನೆಲಕ್ಕೆ ಹಾಸಿದ ಬಣ್ಣದ ಬಿಲ್ಲೆಗಳು ಒಂದರ ಹಾಗೆ ಒಂದಿಲ್ಲವಂತೆ, ಡಚ್ಚರ ಅರಮನೆಯ ಗೋಡೆ ತುಂಬ ರಾಮಾಯಣವಂತೆ. ಸುಂದರೇಶನಿಗೆ ಕಾಣುತ್ತಿದ್ದುದು ಕಟಾಂಜನವಿಲ್ಲದ ದೋಣಿಯೊಂದರ ಅಂಚು ಮತ್ತು ಆ ಅಂಚಿನ ಮೇಲೆ ಅದುರುತ್ತಿರುವ ಒಂದು ಹೆಬ್ಬೆರಳು.

‘ಅಲ್ಲಿ ನೀರಿಗೆ ಇಳೀಬಹುದಾ?’ ಎಂದು ವೇದಾವತಿ ಕೇಳಿದಳು.

‘ಮೊಣಕಾಲುದ್ದ ಇಳಿಯೋಣ ಕಣೇ, ನಾನೂ ಇಳೀತೀನಿ. ಇವರು ದಡದಲ್ಲಿ ಚಪ್ಪಲಿ ಕಾಯ್ಲಿ,’ ಎಂದು ಅನ್ನಪೂರ್ಣೇಶ್ವರಿ ನಕ್ಕರು. ‘ಮತ್ತೆ ಛತ್ರದಲ್ಲಿ ಎರಡು ಕೋಣೆ ಯಾಕೆ? ಒಂದೇ ದೊಡ್ಡ ಕೋಣೆ ಹಿಡಿದ್ರೆ ಆಯ್ತಪ್ಪ. ನಾವಿಬ್ರು ಒಂದು ಕಡೆ, ನೀವಿಬ್ರು ಒಂದು ಕಡೆ. ಅಲ್ಲಿ ಅಕ್ಕಿಗೆ ಬಹಳ ತಾಪತ್ರಯವಂತೆ, ನಾನು ಅವಲಕ್ಕಿ, ಚಟ್ನಿಪುಡಿ ಎಲ್ಲ ಕಟ್ಕೊಳ್ತೀನಿ.’

ಒಂದೇ ಕೋಣೆ. ವಾರವಿಡೀ, ಹಗಲೂ ರಾತ್ರಿಯೂ ನಾಲ್ಕು ಕಣ್ಣುಗಳು. ಸುಂದರೇಶ ಗಂಟಲು ಸರಿಮಾಡಿಕೊಂಡ. ‘ಈಗಿನ್ನೂ ಯುದ್ಧ ನಿಂತಿದೆ. ಎರಡು ತಿಂಗಳೂ ಆಗಿಲ್ಲ. ಕೊಚ್ಚಿಯಲ್ಲಿ ನೌಕಾಪಡೆ ಇದೆ. ಮತ್ತೆ ಏನಾದ್ರೂ ಶುರುವಾದ್ರೆ ಬಾಂಬು ಬೀಳೋದೇ ಅಂಥ ಕಡೆ.’

ಮುಕುಂದಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಎಂತ ಮಾರಾಯ! ನಮ್ಮಂಥ ನಾಲ್ಕು ಜನರ ಮೇಲೆ ಯಾರು ಬಾಂಬು ಖರ್ಚು ಮಾಡ್ತಾರೆ?’ ವೇದಾವತಿಯೂ ನಕ್ಕಳು. ಅವಳು ನಕ್ಕದ್ದು ಅವನನ್ನು ಚುಚ್ಚಿತು. ಇವಳಿಗಾಗಿ ತಾನಿಷ್ಟು ಒದ್ದಾಡುತ್ತಿರುವಾಗ ಇವಳು ಅವರ ಜೊತೆ ಸೇರಿ ನಗುತ್ತಾಳೆ. ಕೆಳಗೆ ನೋಡಿದ. ಮಡಿಲಿನಲ್ಲಿದ್ದ ಅವಳ ಎಡಗೈಯ ಹೆಬ್ಬೆರಳು ಒಳಗೆ ಮಡಚಿಕೊಂಡಿತ್ತು. ಅವಳೇ ಮಡಚಿದ್ದಳೋ, ತಾನಾಗಿಯೇ ಮಡಚಿಕೊಂಡಿತ್ತೋ. ಎದ್ದು ಹೋಗಬೇಕು, ಈಗಲೇ ಕರೆದುಕೊಂಡು ಹೊರಟುಬಿಡಬೇಕು ಎನ್ನಿಸಿ, ‘ಇಲ್ಲ, ವೇದಾಗೆ ಬಸ್ಸು ಆಗೋದಿಲ್ಲ. ವಾಂತಿ,’ ಎಂದ.

‘ನನಗ್ಯಾವಾಗ ಬಸ್ಸಲ್ಲಿ ವಾಂತಿ ಆಗಿದ್ದು?’ ಎಂದು ಅವಳು ಅವನನ್ನೇ ನೋಡಿದಳು.

‘ಈಗ ಆಗುತ್ತಲ್ಲ,’ ಎಂದ ಅವನು. ಬೆವರುತ್ತಿದ್ದ. ‘ಈಗ, ಈ ಸಮಯದಲ್ಲಿ, ಪ್ರಯಾಣ ಬೇಡ ಅಂತ ಡಾಕ್ಟರು ಹೇಳಿದಾರೆ. ಹೇಳಬಾರದು ಅಂತ ಇದ್ವಿ.’

ಆಮೇಲೆ ಎಷ್ಟೋ ಸಲ ಅವನು ತನ್ನನ್ನು ತಾನೇ ಕೇಳಿಕೊಂಡದ್ದುಂಟು: ಹಾಗೆ ಅರ್ಥವಾಗಲಿ ಎಂದೇ ಹೇಳಿದೆನೇ? ಅನ್ನಪೂರ್ಣೇಶ್ವರಿಯ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಅವರ ಮುಖದ ಮೇಲೆ ಮೊದಲು ಏನೋ ಒಂದು ನೆರಳು ಹಾದುಹೋಗಿ, ಅದರ ಹಿಂದೆಯೇ ನಗು ಉಕ್ಕಿತು. ‘ಹೌದನೇ ವೇದಾ? ಹೌದನೇ? ನನಗೊಂದು ಮಾತು ಹೇಳ್ಲಿಲ್ವಲ್ಲೇ!’ ಎಂದವರೇ ತಟ್ಟೆ ಅಲ್ಲೇ ಇಟ್ಟು ಒಳಗೆ ಓಡಿದರು. ಮುಕುಂದಯ್ಯ ಏನೂ ತೋಚದೆ ಭೂಪಟದ ಲೋಟಗಳನ್ನು ಎತ್ತಿಡತೊಡಗಿದರು. ‘ಹಾಗಾದ್ರೆ ಕೊಚ್ಚಿ ಎಲ್ಲಿ ಓಡಿಹೋಗುತ್ತೆ, ಮುಂದಿನ ವರ್ಷ ನಾಲ್ಕು ಟಿಕೆಟ್ಟಿನ ಬದಲು,’ ಎಂದು ಏನೋ ತಮಾಷೆ ಶುರುಮಾಡಿ ಅರ್ಧಕ್ಕೇ ಬಿಟ್ಟರು. ವೇದಾವತಿ ಗಂಡನನ್ನು ನೋಡುತ್ತಲೇ ಇದ್ದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಇವನು ಯಾರು ಎಂದು ಗುರುತು ಹಿಡಿಯಲು ನೋಡುತ್ತಿರುವವಳ ಹಾಗಿತ್ತು. ಅವನು ಕಣ್ಣು ತಪ್ಪಿಸಿ ಅರಬ್ಬೀ ಸಮುದ್ರದ ನೀಲಿಯನ್ನು ನೋಡಿದ. ಇನ್ನು ಸ್ವಲ್ಪ ಹೊತ್ತು, ಬೀದಿಗಿಳಿಯುವವರೆಗೆ. ಆಮೇಲೆ ಅವಳ ಕಾಲಾದರೂ ಹಿಡಿಯಬಹುದು.

ಅನ್ನಪೂರ್ಣೇಶ್ವರಿ ಸಕ್ಕರೆಯ ಬಟ್ಟಲು, ಕುಂಕುಮ, ಒಂದು ತುಂಡು ಮಲ್ಲಿಗೆದಂಡೆ ಹಿಡಿದು ಬಂದರು. ಹದಿನೆಂಟು ವರ್ಷ ತಮಗಾಗಿ ಯಾರೂ ಹಿಡಿದು ಬಾರದಿದ್ದುದನ್ನು ಅವರು ಎರಡೂ ಕೈಯಲ್ಲಿ ಹಿಡಿದು ಬರುತ್ತಿದ್ದರು. ‘ಬಾಯಿ ತೆಗಿಯೇ,’ ಎಂದರು.

‘ಅಲ್ಲ ಅಕ್ಕ,’ ಎಂದಳು ವೇದಾವತಿ. ‘ಇವರು ಹೇಳಿದ್ದು...’

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಮೇಲೆ ಹೋಯಿತು. ಆಮೇಲೆ ಆ ಕೂಗು. ಸಕ್ಕರೆಯ ಬಟ್ಟಲು ಉರುಳಿತು. ವೇದಾವತಿ ಕೂತಲ್ಲಿಂದಲೇ ಪಕ್ಕಕ್ಕೆ, ಭೂಪಟದ ಮೇಲೆ, ಮರದ ಕೊರಡಿನ ಹಾಗೆ ಬಿದ್ದಳು.

ಸುಂದರೇಶ ಎದ್ದ. ಅವನು ಎದ್ದದ್ದನ್ನು ಮುಕುಂದಯ್ಯ ನೋಡಿದರು, ಅವನು ಎತ್ತ ಹೋದ ಎಂಬುದನ್ನೂ ನೋಡಿದರು. ಎದುರು ಜಗಲಿಯ ಮೇಲೆ ರಂಗಮ್ಮ ಕೂಗು ಕೇಳಿ ಕತ್ತೆತ್ತಿದ್ದರು. ಅವನು ಹೆಂಡತಿಯನ್ನು ದಾಟಿಕೊಂಡು ಹೋಗಿ, ಬೀದಿಬಾಗಿಲನ್ನು ಎಳೆದು ಮುಚ್ಚಿ, ಅಗಳಿ ಹಾಕಿದ. ಅಗಳಿ ಬಿಗಿಯಾಗಿತ್ತು, ಎರಡು ಸಲ ಗುದ್ದಬೇಕಾಯಿತು. ತಿರುಗಿದಾಗ ಕಂಡದ್ದು: ಅದುರುತ್ತಿರುವ ಮೈಯ ಮೇಲೆ ಬಿದ್ದುಕೊಂಡು ಅನ್ನಪೂರ್ಣೇಶ್ವರಿ ಎರಡೂ ಅಂಗೈಯಿಂದ ವೇದಾವತಿಯ ಹೊಟ್ಟೆಯನ್ನು ಬಳಸಿ ಹಿಡಿದಿದ್ದರು. ‘ಹೊಟ್ಟೆ! ಹೊಟ್ಟೆಗೆ ಪೆಟ್ಟಾಗುತ್ತೆ! ಅಯ್ಯೋ ಯಾರಾದ್ರೂ ಹಿಡೀರೋ, ಮಗು!’ ಎಂದು ಕಿರುಚುತ್ತಿದ್ದರು. ತಲೆ ಯಾರೂ ಹಿಡಿಯದೆ ನೆಲಕ್ಕೆ ಬಡಿದುಕೊಳ್ಳುತ್ತಿತ್ತು. ಮುಕುಂದಯ್ಯ ಬೀಗದಕೈ ಗೊಂಚಲನ್ನು ತಂದು ಅವಳ ಮುಷ್ಟಿಯೊಳಗೆ ತುರುಕಲು ನೋಡುತ್ತಿದ್ದರು. ಸುಂದರೇಶ ಮೊಣಕಾಲೂರಿ, ತಲೆಯ ಕೆಳಗೆ ಅಂಗೈ ಕೊಟ್ಟು, ‘ಬಿಡಿ ಅಕ್ಕ,’ ಎಂದ. ಅವರು ಬಿಡಲಿಲ್ಲ. ‘ಬಿಡಿ ಅಕ್ಕ. ಹೊಟ್ಟೆಯಲ್ಲಿ ಏನೂ ಇಲ್ಲ.’

ಅವರು ತಲೆಯೆತ್ತಿ ಅವನನ್ನು ನೋಡಿದರು. ಕೈ ನಿಧಾನಕ್ಕೆ ಹಿಂದೆ ಬಂತು.

ಅದುರಾಟ ನಿಂತ ಮೇಲೆ ವೇದಾವತಿ ಗೊರಕೆ ಹೊಡೆಯುತ್ತ ನಿದ್ದೆಹೋದಳು. ತುಟಿಯ ಕೊನೆಯಲ್ಲಿ ರಕ್ತ, ಕೆನ್ನೆಗೆ ಅಂಟಿದ ಸಕ್ಕರೆ. ಸೀರೆ ಒದ್ದೆಯಾಗಿತ್ತು, ಕೆಳಗಿನ ಭೂಪಟವೂ ಒದ್ದೆಯಾಗಿತ್ತು. ಅನ್ನಪೂರ್ಣೇಶ್ವರಿ ಗಂಡಸರಿಬ್ಬರನ್ನೂ ಹಿಂದಿನ ಅಂಗಳಕ್ಕೆ ಕಳಿಸಿ, ತಮ್ಮದೊಂದು ಸೀರೆ ತಂದು ಉಡಿಸಿದರು. ಅಂಗಳದಲ್ಲಿ ಮುಕುಂದಯ್ಯ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ‘ಮೊದಲೇ ಹೇಳಬಾರದಿತ್ತಾ,’ ಎಂದು ಎರಡು ಸಲ ಅಂದರು. ಯಾರಿಗೆ ಹೇಳಿದರೋ. ಸುಂದರೇಶ ತುಳಸಿಕಟ್ಟೆಯ ಬುಡದಲ್ಲಿ ಸಾಲಾಗಿ ಹೋಗುವ ಇರುವೆಗಳನ್ನು ನೋಡುತ್ತಿದ್ದ. ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದು ನಡೆದುಹೋಗಿತ್ತು, ಆದರೂ ಹೆದರಿಕೆ ಕಡಿಮೆಯಾಗಿರಲಿಲ್ಲ. ಬೇರೆ ಯಾವುದೋ ಮೂಲೆಗೆ ಸರಿದು ಅಲ್ಲಿಂದ ನೋಡುತ್ತಿತ್ತು.

ಒಳಗೆ ಕರೆದಾಗ ಅವಳು ಎಚ್ಚರವಾಗಿ ಗೋಡೆಗೊರಗಿ ಕೂತಿದ್ದಳು, ಕೂದಲು ಬಿಚ್ಚಿಹೋಗಿತ್ತು. ಭೂಪಟ ಕಾಣಲಿಲ್ಲ. ಅನ್ನಪೂರ್ಣೇಶ್ವರಿ ಸ್ವಲ್ಪ ದೂರದಲ್ಲಿ, ಕಂಬದ ಹತ್ತಿರ ಕೂತಿದ್ದರು. ಆ ದೂರ ಮೊದಲಿರಲಿಲ್ಲ. ‘ಇದಕ್ಕೆ ಔಷಧಿ ಎಂತದೂ ಇಲ್ವಾ?’ ಎಂದು ಕೇಳಿದರು. ಆ ಪ್ರಶ್ನೆ ಅವನಿಗೆ.

‘ಇದೆ. ಮಾತ್ರೆ ಇದೆ. ಮೊನ್ನೆ ಮುಗೀತು.’

‘ಶಿವಮೊಗ್ಗದ ಅಂಗಡೀಲಿ ಇರ್ಲಿಲ್ವಂತೆ ಅಕ್ಕ,’ ಎಂದಳು ವೇದಾವತಿ. ನಾಲಗೆ ಕಚ್ಚಿಹೋಗಿ ಮಾತು ದಪ್ಪವಾಗಿತ್ತು. ‘ಇವರು ಹೋದ ಶನಿವಾರ ಹೋಗಿದ್ರು.’

‘ಶನಿವಾರವಾ?’ ಎಂದರು ಮುಕುಂದಯ್ಯ. ‘ಶನಿವಾರ ಬಸ್ ಸ್ಟ್ಯಾಂಡಲ್ಲಿ ನಾನು ಸಿಕ್ಕಿದ್ನಲ್ಲ, ಪಾರ್ಸಲ್ಲು...’ ಅಷ್ಟು ಹೇಳುವಾಗ ಅವರಿಗೇ ಗೊತ್ತಾಯಿತು. ಆಮೇಲೆ ಬಹಳ ಮೆತ್ತಗೆ, ‘ನಾನು ಜೊತೆಗೆ ಬರ್ತೀನಿ ಅಂದದ್ದಕ್ಕಾ ಮಾರಾಯ?’ ಎಂದರು.

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ವೇದಾವತಿ ಗಂಡನ ಉತ್ತರಕ್ಕೆ ಕಾಯುತ್ತಿದ್ದಳು. ಸ್ಟಾಕ್ ಇರಲಿಲ್ಲ, ಬೇರೆ ದಿನ ಹೋಗಿದ್ದೆ, ಮರೆತೆ — ಮೂರು ಸುಳ್ಳುಗಳು ಒಂದರ ಹಿಂದೊಂದು ಬಾಯಿಯವರೆಗೆ ಬಂದವು. ‘ನಾನು ಹೋಗಲೇ ಇಲ್ಲ,’ ಎಂದ. ‘ಹೊಳೆ ಹತ್ರ ಕೂತಿದ್ದೆ.’

ಅವಳು ಅಳಲಿಲ್ಲ. ಅನ್ನಪೂರ್ಣೇಶ್ವರಿಯ ಕಡೆ ತಿರುಗಿ, ‘ಒಂದು ಬಾಚಣಿಗೆ ಕೊಡ್ತೀರಾ ಅಕ್ಕ?’ ಎಂದಳು. ತಲೆ ಬಾಚಿ, ಗಂಟು ಹಾಕಿ, ಗೋಡೆ ಹಿಡಿದು ಎದ್ದು ನಿಂತಳು. ಕತ್ತಲಾದ ಮೇಲೆ ಹೋಗೋಣ, ಬೀದಿಯಲ್ಲಿ ಜನ ಇದ್ದಾರೆ ಎಂದು ಅವನು ಹೇಳಿದ್ದಕ್ಕೆ, ‘ಮಾತ್ರೆ ಇಲ್ಲಿ ಪೇಟೆಯಲ್ಲಿ ಸಿಗೋದಿಲ್ವಾ?’ ಎಂದಷ್ಟೇ ಕೇಳಿದಳು.

‘ನೀನು ಮನೆಗೆ ಹೋಗಿ ಮಲಗು. ನಾನು ತರ್ತೀನಿ.’

‘ಇಲ್ಲ. ನಾನೂ ಬರ್ತೀನಿ. ನೀವು ಕೇಳೋದನ್ನ ನಾನು ಕೇಳಬೇಕು.’

ಅಗಳಿಯನ್ನು ಅವಳೇ ತೆಗೆದಳು. ರಂಗಮ್ಮ ಹಪ್ಪಳ ಎತ್ತುವುದನ್ನು ಬಿಟ್ಟು ನೋಡಿದರು. ಬೇರೆಯವರ ಸೀರೆ ಉಟ್ಟುಕೊಂಡು, ಊದಿದ ತುಟಿಯಲ್ಲಿ, ತೂಕಡಿಕೆ ಇನ್ನೂ ಬಿಡದ ಹೆಜ್ಜೆಯಲ್ಲಿ ಅವಳು ಪೇಟೆಯ ನಡುವೆ ನಡೆದಳು. ಅವನು ಪಕ್ಕದಲ್ಲಿ ನಡೆದ. ಯಾರು ನೋಡಿದರು, ಯಾರು ನೋಡಲಿಲ್ಲ ಎಂದು ಎಣಿಸುತ್ತಿದ್ದವನಿಗೆ ಅರ್ಧ ದಾರಿಯಲ್ಲಿ ಲೆಕ್ಕ ತಪ್ಪಿತು. ತಿಮ್ಮಣ್ಣನ ಔಷಧದಂಗಡಿಯ ಮುಂದೆ ಬಸ್ ಏಜೆಂಟ್ ಜಟ್ಟಿಂಗಪ್ಪ ನಿಂತಿದ್ದ. ಅವನ ಮಗ ಸುಂದರೇಶನ ತರಗತಿಯಲ್ಲೇ ಓದುತ್ತಿದ್ದ. ಜಟ್ಟಿಂಗಪ್ಪನಿಗೆ ಗೊತ್ತಾದರೆ ಸಾಗರ, ಹೊಸನಗರ, ಶಿವಮೊಗ್ಗದ ಬಸ್ಸುಗಳಿಗೆಲ್ಲ ಗೊತ್ತಾದ ಹಾಗೆ. ‘ಗಾರ್ಡಿನಾಲ್ ಇದೆಯಾ?’ ಎಂದು ಸುಂದರೇಶ ಗಾಜಿನ ಮೇಲೆ ಬಗ್ಗಿ ಪಿಸುಗುಟ್ಟಿದ.

‘ಎಂತದು? ಜೋರಾಗಿ ಹೇಳಿ ಮೇಷ್ಟ್ರೇ,’ ಎಂದ ತಿಮ್ಮಣ್ಣ.

‘ಗಾರ್ಡಿನಾಲ್.’

‘ಯಾರಿಗೆ?’

ಹಿಂದೆ ಅವಳ ಉಸಿರು ಕೇಳುತ್ತಿತ್ತು. ಊರಿನ ಪೇಟೆಯಲ್ಲಿ ಹಾಡುಹಗಲು ಬಟ್ಟೆ ಬಿಚ್ಚಿ ನಿಂತ ಕನಸು ಬಿದ್ದವನ ಹಾಗೆ ಅವನು ಗಾಜಿನ ಅಂಚು ಹಿಡಿದುಕೊಂಡ. ‘ನನ್ನ ಹೆಂಡತಿಗೆ,’ ಎಂದ. ‘ಇವಳಿಗೆ ಫಿಟ್ಸ್ ಬರುತ್ತೆ.’

ತಿಮ್ಮಣ್ಣ ಹಿಂದಿನ ಕಪಾಟಿಗೆ ತಿರುಗಿದ. ‘ಓ, ಅದಾ. ಇದೆ. ತಗೊಳ್ಳೋರು ಇದಾರಲ್ಲ ಊರಲ್ಲಿ, ಇಟ್ಟಿರ್ತೀನಿ.’ ಜಟ್ಟಿಂಗಪ್ಪ ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆ ಮಾಡಿಕೊಂಡು, ‘ಹೌದನಾ ಮೇಷ್ಟ್ರೇ? ಪಾಪ. ವರದಹಳ್ಳಿ ಸ್ವಾಮಿಗಳ ಹತ್ರ ಒಂದ್ಸಲ ಕರ್ಕಂಡ್ ಹೋಗಿ ಬನ್ನಿ ಅಮ್ಮನ್ನ. ಸಾಗರದ ಬಸ್ಸಿಗೆ ನಾನೇ ಸೀಟ್ ಹಿಡ್ಸ್ತೀನಿ,’ ಎಂದ. ನಾಳೆಯಿಂದ ಎಲ್ಲರೂ ಹೀಗೆ ಒಂದೊಂದು ಹೇಳುತ್ತಾರೆ, ಪಾಪ ಎನ್ನುತ್ತಾರೆ, ಮಕ್ಕಳು ತರಗತಿಯಲ್ಲಿ ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಾರೆ, ವಾರದೊಳಗೆ ಅಣ್ಣನ ಮನೆಯಲ್ಲಿರುವ ತಾಯಿಗೂ ಮುಟ್ಟುತ್ತದೆ. ಎಲ್ಲ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಊರಲ್ಲಿ ತೆಗೆದುಕೊಳ್ಳುವವರು ಯಾರು? ಯಾವ ಮನೆಯಲ್ಲಿ? ಅಂಗಡಿಯವನನ್ನು ಕೇಳುವ ಹಾಗಿರಲಿಲ್ಲ. ಬೀದಿಯಲ್ಲಿ ಹೋಗುವವರ ಮುಖಗಳನ್ನು ನೋಡಿದ. ಯಾವ ಮುಖವೂ ಹೇಳಲಿಲ್ಲ. ವೇದಾವತಿ ಮುಂದೆ ಬಂದು, ಒಂದು ಲೋಟ ನೀರು ಕೇಳಿ, ಅಲ್ಲೇ ಅಂಗಡಿಯ ಮುಂದೆ ನಿಂತು ಮಾತ್ರೆ ನುಂಗಿದಳು.

ಮನೆಗೆ ಬಂದು ಚಾಪೆ ಹಾಸಿಕೊಳ್ಳುವಾಗ, ‘ಕೊಚ್ಚಿಗೆ ನಾನು ಹೋಗ್ತೀನಿ,’ ಎಂದಳು. ‘ನೀವು ಬಂದ್ರೆ ಬನ್ನಿ.’ ಅವನು ಹೂಂ ಅಂದ. ಆ ಹೂಂ ಸಾಕಾಗಲಿಲ್ಲವೇನೋ, ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ದಿನ ಶಾಲೆಯಲ್ಲಿ ಮುಕುಂದಯ್ಯ ಅವನನ್ನು ತಪ್ಪಿಸಿಕೊಂಡೇ ತಿರುಗಿದರು. ಮಧ್ಯಾಹ್ನದ ಬಿಡುವಿನಲ್ಲಿ ಅವನು ಲ್ಯಾಬೊರೇಟರಿಯಲ್ಲಿ ಗಾಜಿನ ಕೊಳವೆಗಳನ್ನು ತೊಳೆದಿಡುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತರು. ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಮಲಗಿದಾಳೆ, ತಲೆನೋವು ಎಂದ. ಆಮೇಲೆ ಅವರು ಕಿಟಕಿಯಾಚೆ ನೋಡುತ್ತ, ಅನ್ನಪೂರ್ಣಳ ತಾಯಿಗೆ ಮೈಯಲ್ಲಿ ಹುಷಾರಿಲ್ಲವಂತೆ, ಡಿಸೆಂಬರಿನಲ್ಲಿ ಅವಳು ತವರಿಗೆ ಹೋಗಬೇಕಾಗಬಹುದು, ಹಾಗಾಗಿ ಕೊಚ್ಚಿಯ ವಿಷಯ ಈ ವರ್ಷ ಕಷ್ಟ ಎಂದರು. ಮಾತು ಸಲೀಸಾಗಿ ಬಂತು. ಸುಂದರೇಶ ಕೊಳವೆ ಒರೆಸುತ್ತಿದ್ದವನು ನಿಲ್ಲಿಸಿದ. ಕೋಪ ಬರಬೇಕಿತ್ತು. ಆದರೆ ಆ ಮಾತಿನ ಧಾಟಿ, ಅದರೊಳಗಿನ ಅನಗತ್ಯವಾದ ವಿವರ, ಕೊನೆಯಲ್ಲಿ ದನಿ ಇಳಿಸುವ ರೀತಿ, ಎಲ್ಲವನ್ನೂ ಅವನು ತನ್ನ ಅಂಗಿಯನ್ನು ಗುರುತಿಸುವಷ್ಟು ಸುಲಭವಾಗಿ ಗುರುತಿಸಿದ.

‘ಅಕ್ಕನಿಗೆ ಹೆದರಿಕೆ ಆಗಿದೆ ಅಲ್ವಾ?’ ಎಂದ.

ಮುಕುಂದಯ್ಯ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತ, ‘ಅವಳಿಗಲ್ಲ ಮಾರಾಯ,’ ಎಂದರು. ‘ಅವಳು ರಾತ್ರಿ ನನ್ನನ್ನ ಬೈದು ಬೈದು ಇಟ್ಟಳು. ಹೋಗೇ ಹೋಗ್ತೀವಿ, ಆ ಹುಡುಗಿ ನೀರಿಗಿಳೀಬೇಕು ಅಂತಾಳೆ. ನಿನ್ನ ಮೇಲೆ ಮಾತ್ರ ಅವಳಿಗೆ ಕೋಪ ಇದೆ, ಆ ಸುಳ್ಳು ಅವಳು ಬೇಗ ಮರೆಯೋಳಲ್ಲ. ಹೆದರಿಕೆ ನನಗೆ. ಆ ಕೂಗು ಕಿವಿಯಿಂದ ಹೋಗ್ತಾನೇ ಇಲ್ಲ. ರೈಲಿನಲ್ಲಿ ನೀನು ಎಲ್ಲೋ ಇಳಿದು ನೀರು ತರಲಿಕ್ಕೆ ಹೋಗಿರ್ತೀಯ ಅಂತಿಟ್ಕೋ, ಆಗ ಬಂತು ಅಂದ್ರೆ? ನಾನು ಏನು ಮಾಡ್ಲಿ? ನಿನ್ನೆ ಬೀಗದಕೈ ಹಿಡ್ಕೊಂಡು ನಿಂತಿದ್ನಲ್ಲ, ಹಾಗೇ ನಿಂತಿರ್ತೀನಿ.’

‘ನಾನು ಬಾಗಿಲು ಹಾಕಲಿಕ್ಕೆ ಹೋಗಿದ್ದೆ,’ ಎಂದ ಸುಂದರೇಶ.

‘ನೋಡಿದೆ.’

ಸುಂದರೇಶ ಕೈ ಒರೆಸಿಕೊಂಡು, ಮೇಜುಗಳ ನಡುವಿನ ಜಾಗದಲ್ಲಿ ಪಂಚೆ ಸರಿಮಾಡಿಕೊಂಡು ಸಿಮೆಂಟಿನ ನೆಲದ ಮೇಲೆ ಅಂಗಾತ ಮಲಗಿದ. ‘ಎಂತ ಮಾಡ್ತಿದೀಯ?’ ಎಂದು ಮುಕುಂದಯ್ಯ ಗಾಬರಿಯಾಗಿ ಎದ್ದರು.

‘ಬನ್ನಿ, ಹೇಳಿಕೊಡ್ತೀನಿ. ಕಷ್ಟ ಏನಿಲ್ಲ. ಕೈಗೆ ಕಬ್ಬಿಣ ಕೊಡಬಾರದು, ಬಾಯಿಗೆ ಏನೂ ಹಾಕಬಾರದು. ಮೊದಲು ತಲೆ ಬಡಿಯದ ಹಾಗೆ ಕೆಳಗೆ ಏನಾದ್ರೂ ಕೊಡಬೇಕು. ಆಮೇಲೆ, ಅದುರೋದು ನಿಂತ ಕೂಡಲೇ, ಪಕ್ಕಕ್ಕೆ ಹೊರಳಿಸಬೇಕು. ಹೆಗಲು ಹಿಡೀರಿ. ಇನ್ನೊಂದು ಕೈ ಸೊಂಟಕ್ಕೆ.’

ಮುಕುಂದಯ್ಯ ಮೊಣಕಾಲೂರಿದರು. ಅವರ ಕೈ ತಣ್ಣಗಿತ್ತು. ಒಂದು ಸಲ ಎಳೆದು, ಜಾರಿ, ಮತ್ತೆ ಹಿಡಿದು ಅವನನ್ನು ಮಗ್ಗುಲಿಗೆ ಹೊರಳಿಸಿದರು. ಕೆನ್ನೆ ನೆಲಕ್ಕೆ ತಗುಲಿತು. ಅಲ್ಲಿಂದ ಕೋಣೆ ಬೇರೆಯೇ ಆಗಿತ್ತು: ಮೇಜಿನ ಅಡಿಭಾಗದ ಧೂಳು, ಸ್ಟೂಲಿನ ಕಾಲುಗಳು, ಎಲ್ಲೋ ಮೇಲೆ ಬಹಳ ಎತ್ತರದಲ್ಲಿ ಕಿಟಕಿಯ ಬೆಳಕು. ಆ ಎತ್ತರದಿಂದ ಒಂದು ಮುಖ ಬಗ್ಗಿ ನೋಡುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಹುಬ್ಬು ಮೇಲಕ್ಕೇರಿತ್ತು. ಬಿದ್ದಿರುವುದು ಮನುಷ್ಯನೋ ಇನ್ನೇನೋ ಎಂದು ಖಚಿತವಿಲ್ಲದ ಹಾಗೆ, ಮುಟ್ಟಿದರೆ ಏನಾದೀತೋ ಎಂಬ ಹಾಗೆ, ಅದು ಅವನ ಕಣ್ಣನ್ನು ಹುಡುಕುತ್ತಿತ್ತು. ವೇದಾವತಿಯ ಮೇಲೆ ಬಗ್ಗುವಾಗ ತನ್ನದೇ ಆಗಿರುತ್ತಿದ್ದ ಈ ಮುಖವನ್ನು ಅವನು ಇದುವರೆಗೆ ಒಳಗಿನಿಂದ ಮಾತ್ರ ಬಲ್ಲವನಾಗಿದ್ದ.

‘ಹೀಗಾ?’ ಎಂದರು ಮುಕುಂದಯ್ಯ. ‘ಸರಿಯಾಯ್ತಾ? ಆಮೇಲೆ?’

‘ಆಮೇಲೆ ಎಂತದೂ ಇಲ್ಲ. ಎಚ್ಚರ ಆಗೋವರೆಗೆ ಹತ್ರ ಕೂತಿರಬೇಕು.’ ಅವನು ಮೇಲಿನ ಆ ಮುಖವನ್ನೇ ನೋಡಿದ. ‘ಮತ್ತೆ, ಹಾಗೆ ನೋಡಬೇಡಿ,’ ಎಂದ ನೆಲದ ಮೇಲಿಂದ.